ಗಾಂಜಾ ಆವಿ: ಹೂವು ಮತ್ತು ಎಣ್ಣೆಸಾರದ ತೀಕ್ಷ್ಣತೆ
ಗಾಂಜಾದ ಅಮಲಿಗೆ ಮುಖ್ಯ ಕಾರಣ ಟಿಎಚ್‌ಸಿ. ಹಸಿ ಹೂವಿನಲ್ಲಿ ಇದರ ಅಮಲೇರಿಸದ ಆಮ್ಲರೂಪವೇ ಹೆಚ್ಚು. ಕಾಯಿಸಿದಾಗ ಅದು ಟಿಎಚ್‌ಸಿಯಾಗಿ ಆವಿಯೊಡನೆ ಶ್ವಾಸಕೋಶ ಸೇರುತ್ತದೆ. ಅಮೆರಿಕದ ಕೊಲರಾಡೊದಲ್ಲಿ ಕಾನೂನುಬದ್ಧವಾಗಿ ಮಾರುವ ಒಣಹೂವಿನಲ್ಲಿ ಸಾಮಾನ್ಯವಾಗಿ ಶೇ 15ರಿಂದ 25ರಷ್ಟು ಟಿಎಚ್‌ಸಿ ಇದ್ದರೆ, ಬ್ಯುಟೇನಿನಂಥ ದ್ರಾವಕದಿಂದ ತೆಗೆದ ಸಾರದಲ್ಲಿ ಶೇ 60ರಿಂದ 90ರಷ್ಟಿರುತ್ತದೆ.

ಸಾರ ನಾಲ್ಕು ಪಟ್ಟು ಗಾಢವೆಂದ ಮಾತ್ರಕ್ಕೆ ಅಮಲೂ ನಾಲ್ಕು ಪಟ್ಟಾಗದು. ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು 121 ಮಂದಿ ರೂಢಿಗತ ಬಳಕೆದಾರರ ಮೇಲೆ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾರ ಸೇವಿಸಿದವರ ರಕ್ತದಲ್ಲಿ ಟಿಎಚ್‌ಸಿ ಬಹಳ ಹೆಚ್ಚಿತ್ತು; ಅಮಲಿನ ಮಟ್ಟ ಮಾತ್ರ ಹೂವು ಸೇದಿದವರಷ್ಟೇ ಇತ್ತು. ದೇಹ ಪಳಗಿರದ ಹೊಸಬರಿಗೆ ಈ ಫಲಿತಾಂಶವನ್ನು ಅನ್ವಯಿಸಲಾಗದು. ಕಲಬೆರಕೆ ಬೇರೆಯೇ ಅಪಾಯ: 2019ರಲ್ಲಿ ಅಮೆರಿಕದಲ್ಲಿ ಹಬ್ಬಿದ ಶ್ವಾಸಕೋಶ ಹಾನಿಗೆ, ಕಳ್ಳಸಂತೆಯ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಪ್ರಬಲ ಕಾರಣವೆಂದು ಕಂಡುಬಂತು.