ದೊಡ್ಡ ಪೊಟ್ಟಣ ಕೊಂಡರೆ ಯಾವಾಗಲೂ ಲಾಭವೇ?

“ದೊಡ್ಡದನ್ನೇ ತಗೊಳ್ಳಿ, ಅಗ್ಗ ಬೀಳುತ್ತೆ” ಎಂಬ ಮಾತನ್ನು ದಿನಸಿ ಅಂಗಡಿಯಲ್ಲಿ ನಾವೆಲ್ಲ ಕೇಳಿರುತ್ತೇವೆ. ಎಷ್ಟೋ ಸಲ ಅದು ನಿಜ, ಆದರೆ ಎಲ್ಲ ಸಲವೂ ಅಲ್ಲ. ಕೇಂದ್ರ ಸರ್ಕಾರದ 2023-24ರ ಮನೆಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ಗ್ರಾಮೀಣ ಭಾರತದಲ್ಲಿ ಬಳಕೆಯ ಖರ್ಚಿನ ಸುಮಾರು ಶೇ. 47ರಷ್ಟು ಆಹಾರಕ್ಕೇ ಹೋಗುತ್ತದೆ. ನಗರಗಳಲ್ಲಿ ಇದು ಸುಮಾರು ಶೇ. 40. ತಿಂಗಳಿಗೆ 8,000 ರೂ. ದಿನಸಿ ತರುವ ಮನೆಯಲ್ಲಿ ಹತ್ತರಲ್ಲಿ ಒಂದು ಪಾಲು ಉಳಿದರೂ ವರ್ಷಕ್ಕೆ 9,600 ರೂ. ಆಯಿತು. ಹಾಗಾಗಿ ಈ ನಂಬಿಕೆಯನ್ನು ಲೆಕ್ಕ ಹಾಕಿ ನೋಡೋಣ. ಇಲ್ಲಿರುವ ಸಾಮಾನುಗಳ ಬೆಲೆಗಳೆಲ್ಲ ಲೆಕ್ಕ ತೋರಿಸಲು ಕೊಟ್ಟ ಉದಾಹರಣೆಗಳು.

ಯಾವ ಸಂಖ್ಯೆಯನ್ನು ನೋಡಬೇಕು?

ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ‘ಯುಎಸ್‌ಪಿ’ ಎಂಬ ಇನ್ನೊಂದು ಬೆಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇದು ಯೂನಿಟ್ ಸೇಲ್ ಪ್ರೈಸ್, ಅಂದರೆ ಒಂದು ಗ್ರಾಂ, ಒಂದು ಕೆಜಿ, ಒಂದು ಲೀಟರ್ ಅಥವಾ ಒಂದು ಬಿಡಿ ವಸ್ತುವಿಗೆ ಬೀಳುವ ಬೆಲೆ. ಪೊಟ್ಟಣ ಸಾಮಗ್ರಿಗಳ ಕಾನೂನು ಮಾಪನ ನಿಯಮಗಳಿಗೆ 2021ರಲ್ಲಿ ಮಾಡಿದ ತಿದ್ದುಪಡಿಯಿಂದ ಇದು ಬಂದಿದೆ. ಅದೇ ತಿದ್ದುಪಡಿ, ಬಿಸ್ಕತ್ತು, ಚಹಾ, ಎಣ್ಣೆಯಂತಹ ವಸ್ತುಗಳನ್ನು ಗೊತ್ತುಪಡಿಸಿದ ತೂಕಗಳಲ್ಲೇ ಮಾರಬೇಕೆಂಬ ಹಳೆಯ ಷರತ್ತನ್ನು ತೆಗೆದುಹಾಕಿತು. ಹಾಗಾಗಿ ಒಂದೇ ಗಾತ್ರದಂತೆ ಕಾಣುವ ಎರಡು ಪೊಟ್ಟಣಗಳಲ್ಲಿ ಒಂದು 500 ಗ್ರಾಂ, ಇನ್ನೊಂದು 450 ಗ್ರಾಂ ಇರಬಹುದು.

ಈ ಸಂಖ್ಯೆಯನ್ನು ಓದುವಾಗ ಮೂರು ವಿಷಯ ನೆನಪಿರಲಿ.

1. ಒಂದು ಕೆಜಿಗಿಂತ ಕಡಿಮೆ ಇರುವ ಪೊಟ್ಟಣಕ್ಕೆ ದರ ಗ್ರಾಂ ಲೆಕ್ಕದಲ್ಲಿ, ಹೆಚ್ಚಿರುವುದಕ್ಕೆ ಕೆಜಿ ಲೆಕ್ಕದಲ್ಲಿ ಇರುತ್ತದೆ. 99 ರೂ. ಬೆಲೆಯ 900 ಗ್ರಾಂ ಸೋಪಿನ ಪುಡಿಯ ಮೇಲೆ ‘ಗ್ರಾಂಗೆ 0.11 ರೂ.’ ಎಂದೂ, 230 ರೂ. ಬೆಲೆಯ 2 ಕೆಜಿ ಪೊಟ್ಟಣದ ಮೇಲೆ ‘ಕೆಜಿಗೆ 115 ರೂ.’ ಎಂದೂ ಇರುತ್ತದೆ. 0.11 ಅನ್ನು 1,000ದಿಂದ ಗುಣಿಸಿದರೆ 110. ಇಲ್ಲಿ ಚಿಕ್ಕದೇ ಅಗ್ಗ.

2. ದರವನ್ನು ಎರಡು ದಶಮಾಂಶಕ್ಕೆ ಸರಿಹೊಂದಿಸಿ ಮುದ್ರಿಸುತ್ತಾರೆ. ಉಪ್ಪಿನಂತಹ ಕಡಿಮೆ ಬೆಲೆಯ ವಸ್ತುವಿನ ಮೇಲೆ ‘ಗ್ರಾಂಗೆ 0.03 ರೂ.’ ಎಂದಿದ್ದರೆ ನಿಜವಾದ ದರ ಕೆಜಿಗೆ 25 ರೂ. ಇರಬಹುದು, 34 ರೂ. ಕೂಡ ಇರಬಹುದು. ಇಂಥ ಕಡೆ ಬೆಲೆಯನ್ನು ತೂಕದಿಂದ ನಾವೇ ಭಾಗಿಸುವುದು ಒಳ್ಳೆಯದು.

3. ಈ ದರದ ಲೆಕ್ಕ ಎಂಆರ್‌ಪಿ ಮೇಲೆ. ಅಂಗಡಿಯವರು ರಿಯಾಯಿತಿ ಕೊಟ್ಟರೆ ಮುದ್ರಿತ ದರ ಉಪಯೋಗಕ್ಕೆ ಬರುವುದಿಲ್ಲ. ನಾವು ಕೊಡುವ ಹಣವನ್ನು ತೂಕದಿಂದ ಭಾಗಿಸಿಕೊಳ್ಳಬೇಕು.

ಒಂದು ಲೀಟರ್ ಎಣ್ಣೆ ಎಂದರೆ ಒಂದು ಕೆಜಿಯೇ?

ಅಲ್ಲ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಂದು ಲೀಟರ್‌ಗೆ 150 ರೂ., ಒಂದು ಕೆಜಿಗೆ 160 ರೂ. ಇದ್ದರೆ ಮೊದಲನೆಯದು ಅಗ್ಗವೆನಿಸುತ್ತದೆ. ಆದರೆ 150 ರೂ. ಕೊಟ್ಟು 910 ಗ್ರಾಂ ಪಡೆದರೆ ಕೆಜಿಗೆ ಸುಮಾರು 165 ರೂ. ಬಿದ್ದಂತಾಯಿತು. ಗ್ರಾಂ ಅನ್ನು ಗ್ರಾಂ ಜೊತೆಗೇ ಹೋಲಿಸಬೇಕು.

ಸ್ಯಾಶೆ ಕೊಳ್ಳುವವರಿಗೆ ನಷ್ಟವೇ?

ದಿನಗೂಲಿಯಲ್ಲಿ ಬದುಕುವವರು ಅಂದಂದಿನ ಸಾಮಾನು ಅಂದಂದೇ ತರುತ್ತಾರೆ. ಎಣ್ಣೆ, ಸಕ್ಕರೆಯಂತಹವನ್ನು ಚಿಲ್ಲರೆಯಾಗಿ ಕೊಂಡಾಗ ಅವರು ಹೆಚ್ಚು ತೆರುವುದುಂಟು. ಆದರೆ ಶಾಂಪೂವಿನಲ್ಲಿ ಲೆಕ್ಕ ತಿರುಗುಮುರುಗಾಗಬಹುದು. ಕೆಲವು ಬ್ರಾಂಡ್‌ಗಳ ಒಂದೆರಡು ರೂಪಾಯಿಯ ಸ್ಯಾಶೆ, ಮಿಲಿ ಲೆಕ್ಕದಲ್ಲಿ ಬಾಟಲಿಗಿಂತ ಅಗ್ಗ. 2 ರೂ.ಗೆ 6 ಮಿ.ಲೀ. ಸಿಕ್ಕರೆ 180 ಮಿ.ಲೀ.ಗೆ 60 ರೂ. ಆಯಿತು, ಅಷ್ಟೇ ಅಳತೆಯ ಬಾಟಲಿಯ ಬೆಲೆ ನೋಡಿ ಹೋಲಿಸಿಕೊಳ್ಳಿ. ಪ್ಲಾಸ್ಟಿಕ್ ಕಸ ಹೆಚ್ಚುತ್ತದೆ ಎಂಬುದು ಬೇರೆ ಮಾತು.

25 ಕೆಜಿ ಚೀಲವೋ, 26 ಕೆಜಿ ಚೀಲವೋ?

2022ರ ಜುಲೈ 18ರಿಂದ, ಲೇಬಲ್ ಹಚ್ಚಿ ಪ್ಯಾಕ್ ಮಾಡಿದ 25 ಕೆಜಿವರೆಗಿನ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಶೇ. 5 ಜಿಎಸ್‌ಟಿ ಬಂತು. ಇದರಿಂದ ಹೊರಗುಳಿಯಲು ಅಕ್ಕಿ ಮಾರುಕಟ್ಟೆಗೆ 26 ಕೆಜಿ ಚೀಲಗಳು ಬಂದವು. ಹಾಗಾಗಿ ಚೀಲದ ಬೆಲೆ ಕೇಳಿ ಎರಡನ್ನು ಹೋಲಿಸಬೇಡಿ, ಕೆಜಿಗೆ ಎಷ್ಟು ಬಿತ್ತು ಎಂದು ನೋಡಿ.

‘ಶೇ. 25 ಹೆಚ್ಚುವರಿ’ ಎಂದರೆ ಶೇ. 25 ರಿಯಾಯಿತಿಯೇ?

ಅಲ್ಲ. 100 ರೂ.ಗೆ 100 ಗ್ರಾಂ ಬದಲು 125 ಗ್ರಾಂ ಸಿಕ್ಕರೆ 100 ಗ್ರಾಂಗೆ ಬಿದ್ದದ್ದು 80 ರೂ. ಅಂದರೆ ನಿಜವಾದ ರಿಯಾಯಿತಿ ಶೇ. 20.

ಎಸೆದದ್ದಕ್ಕೂ ನಾವೇ ಹಣ ಕೊಟ್ಟಿರುತ್ತೇವೆ

ಒಂದು ಕೆಜಿ ರವೆ 50 ರೂ., ಅರ್ಧ ಕೆಜಿ 28 ರೂ. ಇದೆ ಎಂದುಕೊಳ್ಳಿ. ದೊಡ್ಡದನ್ನು ಕೊಂಡು, ಹುಳು ಬಿದ್ದು 200 ಗ್ರಾಂ ಎಸೆದರೆ, ಬಳಸಿದ್ದು 800 ಗ್ರಾಂ ಮಾತ್ರ. ಕೆಜಿಗೆ 62.50 ರೂ. ಬಿತ್ತು. ಅರ್ಧ ಕೆಜಿಯದನ್ನು ಪೂರ್ತಿ ಬಳಸಿದರೆ 56 ರೂ. ಮಾತ್ರ. ರವೆ, ಹಿಟ್ಟು, ಮಸಾಲೆ ಪುಡಿಗಳಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಈ ಲೆಕ್ಕ ಮುಖ್ಯ. ‘ಒಂದು ಕೊಂಡರೆ ಒಂದು ಉಚಿತ’ ಎಂದಾಗಲೂ ಮೊದಲು ದಿನಾಂಕ ನೋಡಿ, ಅಷ್ಟರೊಳಗೆ ಎರಡೂ ಮುಗಿಯುತ್ತವೆಯೇ ಎಂದು ಯೋಚಿಸಿ.

ಎಂಆರ್‌ಪಿ ಬಗ್ಗೆ ಎರಡು ಮಾತು

ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಕಡಿಮೆಗೆ ಮಾರಲು ಅಡ್ಡಿಯಿಲ್ಲ, ಹಾಗಾಗಿ ಚೌಕಾಸಿ ತಪ್ಪಲ್ಲ. ಹೆಚ್ಚಿಗೆ ಪಡೆಯುವಂತಿಲ್ಲ. ಪಡೆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಒಟ್ಟಿನಲ್ಲಿ ಹೇಳುವುದಾದರೆ

‘ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗ’ ಎಂಬುದು ಅರ್ಧ ಸತ್ಯ. ಕೊಡುವ ಹಣವನ್ನು ನಿಜವಾಗಿ ಬಳಸುವ ಪ್ರಮಾಣದಿಂದ ಭಾಗಿಸಿದಾಗ ಬರುವುದೇ ಸರಿಯಾದ ಬೆಲೆ. ಪ್ರತಿಯೊಂದಕ್ಕೂ ಹೀಗೆ ಲೆಕ್ಕ ಹಾಕುತ್ತಾ ನಿಲ್ಲಬೇಕಿಲ್ಲ. ಪ್ರತಿ ತಿಂಗಳೂ ತರುವ ಅಕ್ಕಿ, ಬೇಳೆ, ಎಣ್ಣೆ, ಸೋಪಿನ ಪುಡಿಯಂತಹ ಐದಾರು ಸಾಮಾನುಗಳ ಕೆಜಿ ದರವನ್ನು ಚೀಟಿಯಲ್ಲೋ ಫೋನಿನಲ್ಲೋ ಬರೆದಿಟ್ಟುಕೊಳ್ಳಿ. ಮುಂದಿನ ಸಲ ‘ಆಫರ್’ ಎಂಬ ಫಲಕ ಕಂಡಾಗ, ಅದು ನಿಜವೇ ಎಂದು ನೀವೇ ಹೇಳಬಲ್ಲಿರಿ.