ಕಪಾಲಬೆಟ್ಟದ ನೆರಳಿನಲ್ಲಿ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲಿನ ಕಿಟಕಿಯಿಂದ ನೋಡಿದವರಿಗೆ ರಾಮನಗರದ ಬಂಡೆಬೆಟ್ಟಗಳೂ ಚನ್ನಪಟ್ಟಣದ ಬಣ್ಣದ ಬೊಂಬೆಗಳೂ ನೆನಪಿನಲ್ಲಿ ಉಳಿಯುತ್ತವೆ. ಮಾಗಡಿಯೆಂದರೆ ಕೆಂಪೇಗೌಡರ ಹೆಸರು, ಸಾವನದುರ್ಗದ ಕಲ್ಲು. ಕನಕಪುರವೆಂದರೆ ರೇಷ್ಮೆ, ಕಾಡು, ಅರ್ಕಾವತಿ ಕಾವೇರಿಯನ್ನು ಕೂಡುವ ಸಂಗಮ. ೨೦೦೭ರಲ್ಲಿ ಈ ನಾಲ್ಕು ತಾಲ್ಲೂಕುಗಳು ಒಂದಾಗಿ ಹೊಸ ಜಿಲ್ಲೆಯಾದುವು. ಆದರೆ ಈ ಸೀಮೆಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಒಂದು ಎಳೆಯಿದೆ. ಅದು ಇಲ್ಲಿನ ಕ್ರೈಸ್ತ ಒಕ್ಕಲುಗಳ ಕಥೆ. ರಾಜ್ಯಗಳು ಬಿದ್ದಾಗ, ಗುರುಗಳು ಬಾರದೆ ಹೋದಾಗ, ಮಳೆ ಕೈಕೊಟ್ಟಾಗ ಈ ಜನ ದೇವರ ಮೇಲಿನ ದೃಷ್ಟಿಯನ್ನು ಹೇಗೆ ಕಾಯ್ದುಕೊಂಡರು ಎಂಬುದೇ ಇಂದಿನ ವಿಚಾರ.

ಕನಕಪುರ ತಾಲ್ಲೂಕಿನಲ್ಲಿ ಹಾರೋಬೆಲೆ ಎಂಬ ಊರಿದೆ. ಊರಿನವರು ಬಹುಮಟ್ಟಿಗೆ ಎಲ್ಲರೂ ಕ್ಯಾಥೊಲಿಕ್ ಕ್ರೈಸ್ತರು. ನುಡಿ ಅಚ್ಚಗನ್ನಡ, ಕಸುಬು ಬೇಸಾಯ ಮತ್ತು ರೇಷ್ಮೆ. ಹೊರಗಿನಿಂದ ನೋಡಿದರೆ ನೆರೆಯ ಹಳ್ಳಿಗಳಿಗೂ ಈ ಹಳ್ಳಿಗೂ ಹೆಚ್ಚಿನ ವ್ಯತ್ಯಾಸ ತೋರದು. ಬ್ರಿಟಿಷರ ಕಾಲದಲ್ಲಿ ಕ್ರೈಸ್ತರಾದವರೆಂದು ಅನೇಕರು ಇವರನ್ನು ತಿಳಿಯುವುದುಂಟು. ಅದು ಸರಿಯಲ್ಲ. ಈ ಪರಂಪರೆಯ ಬೇರು ಇರುವುದು ಹದಿನೇಳನೆಯ ಶತಮಾನದಲ್ಲಿ, ಮೈಸೂರು ಒಡೆಯರ ರಾಜ್ಯ ಇನ್ನೂ ಬೆಳೆಯುತ್ತಿದ್ದ ಕಾಲದಲ್ಲಿ.

ರಣಧೀರ ಕಂಠೀರವ ನರಸರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ೧೬೩೮ರಿಂದ ೧೬೫೯ರವರೆಗೆ ಆಳಿದರು. ಅವರ ಆಳ್ವಿಕೆಯಲ್ಲಿ, ೧೬೪೮ರ ಸುಮಾರಿಗೆ, ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿ ದೇಶದ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ಯೇಸುಸಭೆಗೆ ಸೇರಿದವರು. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿಯನ್ನು ಹಿಡಿದು ಇಲ್ಲಿಯೂ ಈ ಗುರುಗಳು ಸಂನ್ಯಾಸಿಗಳ ಉಡುಪು ತೊಟ್ಟರು, ಮಾಂಸಮದ್ಯಗಳನ್ನು ಬಿಟ್ಟರು. ಚಿನ್ನಾಮಿ ಕನ್ನಡ ಕಲಿತು, ವ್ಯಾಕರಣವನ್ನೂ ಧರ್ಮೋಪದೇಶದ ಬರಹಗಳನ್ನೂ ರಚಿಸಿದರು. ಪರದೇಶದ ಧರ್ಮವೊಂದು ಕನ್ನಡದ ಮಾತಿನಲ್ಲಿ, ಕನ್ನಡದ ಅಂಗಳದಲ್ಲಿ ಕುಳಿತು ಮಾತಾಡಿದುದು ಹೀಗೆ. ಈ ಮೈಸೂರು ಮಿಶನ್ನಿನ ಬೆಳೆಯೇ ಹಾರೋಬೆಲೆಯಂಥ ಹಳ್ಳಿಗಳು.

ಆ ದಿನಗಳ ವ್ಯವಸ್ಥೆಯನ್ನು ನಾವು ಸ್ವಲ್ಪ ಊಹಿಸಿಕೊಳ್ಳಬೇಕು. ಇಷ್ಟು ವಿಶಾಲವಾದ ಸೀಮೆಗೆ ಗುರುಗಳು ಬೆರಳೆಣಿಕೆಯಷ್ಟು ಮಂದಿ. ಕುದುರೆಯ ಮೇಲೋ ಕಾಲ್ನಡಿಗೆಯಲ್ಲೋ ಊರಿಂದೂರಿಗೆ ಹೋಗಬೇಕು. ಒಂದು ಹಳ್ಳಿಗೆ ಒಮ್ಮೆ ಬಂದವರು ಮತ್ತೆ ಬರಲು ತಿಂಗಳುಗಳೇ ಹಿಡಿಯಬಹುದು. ನಡುವೆ ಮಗು ಹುಟ್ಟುತ್ತದೆ, ಮುದುಕರು ಸಾಯುತ್ತಾರೆ, ಬೆಳೆ ಒಣಗುತ್ತದೆ. ಆಗ ಊರನ್ನು ಹಿಡಿದು ನಿಲ್ಲಿಸುವವರು ಉಪದೇಶಿಗಳು. ಇವರು ಊರಿನವರೇ, ಮಂತ್ರಗಳನ್ನು ಬಾಯಿಪಾಠ ಮಾಡಿದವರು, ಮಕ್ಕಳಿಗೆ ಹೇಳಿಕೊಡುವವರು, ಸಾಯುವವರ ಬಳಿ ಕುಳಿತು ಪ್ರಾರ್ಥಿಸುವವರು. ಪುಸ್ತಕ ಅಪರೂಪವಾಗಿದ್ದ ಕಾಲದಲ್ಲಿ ನಂಬಿಕೆಯ ಪೆಟ್ಟಿಗೆ ನಾಲಗೆಯೇ. ಪರಲೋಕ ಮಂತ್ರವೂ ಜಪಸರವೂ ಮನೆಯ ದೀಪದ ಮುಂದೆ ಉಳಿದುಕೊಂಡದ್ದು ಹೀಗೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೇಲಿಂದ ಮೇಲೆ ಪೆಟ್ಟುಗಳು ಬಿದ್ದುವು. ೧೭೫೯ರಲ್ಲಿ ಪೋರ್ಚುಗಲ್ ಸರ್ಕಾರ ತನ್ನ ಅಧೀನದ ದೇಶಗಳಿಂದ ಯೇಸುಸಭೆಯವರನ್ನು ಹೊರಹಾಕಿತು. ೧೭೭೩ರಲ್ಲಿ ಪೋಪರು ಆ ಸಭೆಯನ್ನೇ ವಿಸರ್ಜಿಸಿದರು. ಯುರೋಪಿನ ಅರಮನೆಗಳಲ್ಲಿ ಮಾಡಿದ ತೀರ್ಮಾನದ ಫಲವನ್ನು ಅರ್ಕಾವತಿಯ ದಂಡೆಯ ಒಕ್ಕಲಿಗನು ಅನುಭವಿಸಬೇಕಾಯಿತು. ಯಾವ ತಪ್ಪೂ ಇಲ್ಲದೆ ಅವನ ಗುರುಗಳ ಬಳಗ ಕರಗಿಹೋಯಿತು. ೧೭೭೬ರಲ್ಲಿ ಈ ಹೊಣೆಯನ್ನು ಪ್ಯಾರಿಸ್ಸಿನ ವಿದೇಶೀ ಮಿಶನ್ ಸಂಘಕ್ಕೆ ಒಪ್ಪಿಸಿದರು. ಅವರಿಗೂ ಜನಬಲ ಸಾಲದು.

ಅದರ ಮೇಲೆ ಯುದ್ಧ. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಮೈಸೂರಿನ ಮೂರನೆಯ ಯುದ್ಧವಂತೂ ನಮ್ಮ ನಾಲ್ಕು ತಾಲ್ಲೂಕುಗಳ ಎದೆಯ ಮೇಲೆಯೇ ನಡೆಯಿತು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೇನೆ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ನಡೆಯಿತು. ಶತ್ರುವಿಗೆ ಕಾಳುಕಡ್ಡಿ ದೊರೆಯಬಾರದೆಂದು ಆ ಪ್ರದೇಶವನ್ನು ಮೊದಲೇ ಹಾಳುಗೆಡವಲಾಗಿತ್ತು. ಅದೇ ಡಿಸೆಂಬರಿನಲ್ಲಿ ಸಾವನದುರ್ಗವೂ ರಾಮಗಿರಿಯೂ ಬ್ರಿಟಿಷರ ಕೈಸೇರಿದುವು. ಸುಡುವವನು ಯಾರೇ ಆಗಲಿ, ಸುಟ್ಟುಹೋದುದು ರೈತನ ಕಣಜ. ಆ ಬೆಂಕಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂದು ಮನೆಗಳನ್ನು ವಿಂಗಡಿಸಲಿಲ್ಲ.

೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಫ್ರಾನ್ಸಿನ ಆಬೆ ದ್ಯುಬುವಾ ಎಂಬ ಪಾದ್ರಿ ಚದುರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಅವರು ತಾವೇ ೧೭೯೨ರಲ್ಲಿ ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ದೇಶ ಬಿಟ್ಟು ಬಂದವರು. ಕಷ್ಟ ಅವರಿಗೆ ಹೊಸದಲ್ಲ. ಇಲ್ಲಿಯ ಉಡುಪು, ಇಲ್ಲಿಯ ಊಟ, ಇಲ್ಲಿಯ ರೀತಿನೀತಿಗಳನ್ನು ಹಿಡಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿಗೆ ಹೊಸದಾಗಿ ಬಂದಿದ್ದ ದೇವಿ ಹಾಕುವ ಕ್ರಮವನ್ನು ಹರಡಿದರು. ೧೮೦೩-೦೪ರಲ್ಲಿ ೨೫,೪೩೨ ಜನರಿಗೆ ಹಾಕಿಸಿದ ಲೆಕ್ಕ ಉಳಿದಿದೆ. ಹಿಂದೂಗಳ ಆಚಾರವ್ಯವಹಾರಗಳ ಮೇಲೆ ಅವರು ಬರೆದ ಗ್ರಂಥ ಪ್ರಸಿದ್ಧವಾದುದು.

ಆದರೆ ಈ ದೊಡ್ಡ ಮನುಷ್ಯರ ಕೊನೆಯ ಮಾತು ಕಹಿಯಾಗಿತ್ತು. ೧೮೨೩ರಲ್ಲಿ ಭಾರತದಿಂದ ಹಿಂದಿರುಗಿದ ಅವರು, ಇಲ್ಲಿಯ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತು ಪತ್ರಗಳ ಪುಸ್ತಕವೊಂದನ್ನು ಪ್ರಕಟಿಸಿದರು. ಈ ನೆಲದಲ್ಲಿ ಈ ಧರ್ಮ ಬೆಳೆಯುವ ಕಾಲ ಕಳೆದುಹೋಯಿತು ಎಂಬುದು ಅದರ ಸಾರ. ತಮ್ಮ ಇಷ್ಟು ವರ್ಷಗಳ ದುಡಿಮೆಯಿಂದ ಹೊಸದಾಗಿ ಬಂದವರು ಎರಡು ಮೂರು ನೂರು ಮಂದಿಯಷ್ಟೇ, ಅವರಲ್ಲಿಯೂ ಬಹಳಷ್ಟು ಜನ ದಿಕ್ಕಿಲ್ಲದ ಬಡವರು ಎಂದು ನೊಂದು ಬರೆದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ದ್ಯುಬುವಾ ಪ್ರಾಮಾಣಿಕರು, ಕಂಡದ್ದನ್ನೇ ಬರೆದರು. ಆದರೆ ಅವರು ಎಣಿಸಿದುದು ಹೊಸದಾಗಿ ಬಂದವರನ್ನು. ಬಂದು ಉಳಿದವರ ಲೆಕ್ಕ ಬೇರೆ. ನೂರೈವತ್ತು ವರ್ಷಗಳಲ್ಲಿ ದೊರೆಗಳು ಬದಲಾದರು, ಗುರುಗಳ ಸಭೆ ಮುಳುಗಿತು, ಊರಿನ ಮೇಲೆ ದಂಡು ಹಾದುಹೋಯಿತು. ಆದರೂ ಅವರು ಬರುವ ಹೊತ್ತಿಗೆ ಒಟ್ಟುಗೂಡಿಸಲು ಜನರಿದ್ದರಲ್ಲ! ವಿದ್ವಾಂಸರು ನಿರಾಶರಾದ ಕಡೆ ಉಪದೇಶಿಯ ಹೆಂಡತಿ ಸಂಜೆಯ ಜಪ ನಿಲ್ಲಿಸಿರಲಿಲ್ಲ ಎಂದೇ ಇದರ ಅರ್ಥ. ಫಲವನ್ನು ನೋಡುತ್ತ ಕುಳಿತವನಿಗೆ ಬೇಸರ ಬರುತ್ತದೆ. ದೇವರನ್ನು ನೋಡುತ್ತ ಕುಳಿತವನಿಗೆ ಕಾಯುವ ಶಕ್ತಿ ಬರುತ್ತದೆ.

ಇನ್ನೊಂದು ಪರೀಕ್ಷೆ ೧೮೭೬-೭೮ರ ಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರಲ್ಲಿ ೫೦ ಲಕ್ಷವನ್ನು ದಾಟಿತ್ತು. ೧೮೮೧ರಲ್ಲಿ ಎಣಿಸಿದಾಗ ೪೨ ಲಕ್ಷಕ್ಕೂ ಕಡಿಮೆ. ಹಸಿದ ಜನರಿಗೆ ಕೆಲಸ ಕೊಡುವುದಕ್ಕಾಗಿ ರಾಮನಗರ, ಚನ್ನಪಟ್ಟಣಗಳ ಮೂಲಕ ಮೈಸೂರಿಗೆ ರೈಲುದಾರಿ ಹಾಕುವ ಕಾಮಗಾರಿಯನ್ನು ಹಿಡಿದರು. ನಾವು ಇಂದು ಸುಖವಾಗಿ ಕುಳಿತು ಸಾಗುವ ಆ ದಾರಿಯ ಮಣ್ಣನ್ನು ಹೊತ್ತವರು ಬರಗಾಲದ ಹೊಟ್ಟೆಗಳು. ಮಿಶನ್ನುಗಳು ಅನಾಥಾಲಯಗಳನ್ನು ತೆರೆದುವು. ಬದುಕಿ ಬೆಳೆದ ಮಕ್ಕಳಿಗಾಗಿ ಬೇಸಾಯದ ಹಳ್ಳಿಗಳನ್ನು ಕಟ್ಟಿದುವು.

ಇವರು ದೇವರಿಗಾಗಿ ಬಂದವರಲ್ಲ, ಗಂಜಿಗಾಗಿ ಬಂದವರು ಎಂದು ಆಗಲೂ ಅಂದವರಿದ್ದರು, ಈಗಲೂ ಅನ್ನುವವರಿದ್ದಾರೆ. ಈ ಮಾತನ್ನು ಸಿಟ್ಟಿನಿಂದ ತಳ್ಳಿಹಾಕಬೇಕಾಗಿಲ್ಲ. ಹಸಿದ ಮಗು ಅನ್ನದ ಕಡೆಗೆ ಹೋಗುವುದು ಸಹಜ. ಹಸಿವನ್ನು ಸಮಯವಾಗಿ ಬಳಸಿಕೊಂಡರೆ ಅದು ತಪ್ಪೇ. ಆದರೆ ಗಂಜಿಯ ಋಣ ಎಷ್ಟು ದಿನ ನಡೆದೀತು? ಬರ ತೀರಿದ ಮೇಲೆ ಮಳೆ ಬಂತು, ಹೊಲ ಹಸುರಾಯಿತು, ಬೇರೆ ಕಡೆ ಕೂಲಿಯೂ ದೊರೆಯಿತು. ಆಮೇಲೂ ಮೊಮ್ಮಕ್ಕಳವರೆಗೆ ಉಳಿದ ನಂಬಿಕೆಗೆ ಗಂಜಿಯೊಂದೇ ಕಾರಣವೆಂದರೆ ಮನುಷ್ಯರ ಮನಸ್ಸನ್ನು ಅಗ್ಗವಾಗಿ ಕಟ್ಟಿದಂತಾಗುತ್ತದೆ. ಕೈಯಲ್ಲಿರುವ ಕೊಡುಗೆಯಿಂದ ಕೊಟ್ಟವನ ಕಡೆಗೆ ದೃಷ್ಟಿ ಏರುವುದು ಎಲ್ಲ ಭಕ್ತಿಮಾರ್ಗಗಳಿಗೂ ಗೊತ್ತಿರುವ ಸಂಗತಿ. ನಮ್ಮ ಶರಣರೂ ದಾಸರೂ ಇದನ್ನು ತಮ್ಮದೇ ಮಾತುಗಳಲ್ಲಿ ಹೇಳಿದವರೇ.

ಹಾರೋಬೆಲೆಗೆ ಮರಳೋಣ. ಊರಿನ ಬಳಿ ಕಪಾಲಬೆಟ್ಟವಿದೆ. ಯೇಸುಸ್ವಾಮಿಯನ್ನು ಶಿಲುಬೆಗೆ ಏರಿಸಿದ ಗುಡ್ಡದ ಹೆಸರು ಗೊಲ್ಗೊಥಾ. ಅದರ ಅರ್ಥವೂ ಕಪಾಲ ಎಂದೇ. ತಪಸ್ಸುಕಾಲದಲ್ಲಿ ಜನ ಶಿಲುಬೆಯ ಹಾದಿಯನ್ನು ನೆನೆಯುತ್ತ ಈ ಬೆಟ್ಟವನ್ನು ಹತ್ತುತ್ತಾರೆ. ಪ್ರತಿವರ್ಷ ಶುಭಶುಕ್ರವಾರದ ಹೊತ್ತಿಗೆ ಬೆಟ್ಟದ ಅಡಿಯಲ್ಲಿ ಊರಿನವರು ಸ್ವಾಮಿಯ ಪಾಡುಗಳ ನಾಟಕವನ್ನು ಆಡುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದಿಂದ ನಡೆದುಬಂದಿರುವ ಈ ಆಟಕ್ಕೆ ಅವರು ಇಟ್ಟ ಹೆಸರು ‘ಮಹಿಮೆ’. ಜರ್ಮನಿಯ ಓಬರಾಮರ್‌ಗೌ ಎಂಬ ಹಳ್ಳಿಯವರು ಪ್ಲೇಗಿನಿಂದ ಪಾರಾದುದಕ್ಕಾಗಿ ಹರಕೆ ಹೊತ್ತು ೧೬೩೪ರಿಂದ ಇಂಥದೇ ನಾಟಕ ಆಡುತ್ತಿರುವುದು ಲೋಕಪ್ರಸಿದ್ಧ. ಅಲ್ಲಿಯಂತೆ ಇಲ್ಲಿಯೂ ಪಾತ್ರಧಾರಿಗಳು ಊರಿನ ಸಾಮಾನ್ಯರೇ.

ಹೆಸರನ್ನು ಗಮನಿಸಿರಿ. ಹೊಡೆತ, ಮುಳ್ಳಿನ ಕಿರೀಟ, ಸಾವು ಇವುಗಳ ಕಥೆಗೆ ‘ಸಂಕಟ’ ಎಂದಿಡಲಿಲ್ಲ, ‘ಮಹಿಮೆ’ ಎಂದಿಟ್ಟರು. ಕಷ್ಟವೇ ಮಹಿಮೆಯೆಂದು ಇದರ ಅರ್ಥವಲ್ಲ. ಕಷ್ಟ ಕಷ್ಟವೇ, ಒಣಗಿದ ಬೆಳೆಯೂ ಸತ್ತ ಮಗುವೂ ಯಾರಿಗೂ ಬೇಡ. ಆದರೆ ಕಷ್ಟದ ನಡುವೆ ಕಣ್ಣನ್ನು ಎಲ್ಲಿ ಇಡಬೇಕೆಂಬುದನ್ನು ಈ ಹೆಸರು ತೋರಿಸುತ್ತದೆ. ದೊರೆಯ ಮೇಲೆ ಇಟ್ಟರೆ ದೊರೆ ಬದಲಾಗುತ್ತಾನೆ. ಗುರುವಿನ ಮೇಲೆ ಇಟ್ಟರೆ ಗುರುವಿಗೆ ದಾರಿ ಕಟ್ಟುತ್ತದೆ. ಮಳೆಯ ಮೇಲೆ ಇಟ್ಟರೆ ಮಳೆ ತಪ್ಪುತ್ತದೆ. ಮೂರನ್ನೂ ಕಳೆದುಕೊಂಡು ನೋಡಿದ ಜನರು ಇವರು.

ಈ ಹಳ್ಳಿಯಿಂದ ಎಷ್ಟೋ ಮಂದಿ ಗುರುಗಳೂ ಕನ್ಯಾಸ್ತ್ರೀಯರೂ ಹೊರಟು ನಾಡಿನ ನಾನಾ ಕಡೆ ಸೇವೆಗೆ ಹೋಗಿದ್ದಾರೆ. ಒಂದು ಕಾಲಕ್ಕೆ ಗುರುಗಳಿಗಾಗಿ ದಾರಿ ನೋಡುತ್ತಿದ್ದ ಊರು ಇಂದು ಬೇರೆ ಊರುಗಳಿಗೆ ಗುರುಗಳನ್ನು ಕಳುಹಿಸುತ್ತಿದೆ. ಕನಕಪುರದ ಕಡೆ ಹೋದಾಗ ಕಪಾಲಬೆಟ್ಟವನ್ನು ಒಮ್ಮೆ ತಲೆಯೆತ್ತಿ ನೋಡಿರಿ. ಅದು ಎತ್ತರದ ಬೆಟ್ಟವೇನಲ್ಲ. ಆದರೆ ಮುನ್ನೂರೈವತ್ತು ವರ್ಷಗಳಿಂದ ಕಾಯುವುದನ್ನು ಕಲಿತ ಜನರು ಅದರ ನೆರಳಿನಲ್ಲಿದ್ದಾರೆ.