ಅಗಲಿದವರೊಡನೆ ಮಾತು

ಮನೆಯಲ್ಲಿ ಸಾವಾದಾಗ ನಮ್ಮ ಸೀಮೆಯ ಹೆಣ್ಣುಮಕ್ಕಳು ಬರಿದೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಆ ಹಾಡಿನಲ್ಲಿ ಸತ್ತವರನ್ನು ಎದುರಿಗಿಟ್ಟುಕೊಂಡೇ ಮಾತನಾಡಿಸುವುದು ರೂಢಿ. ‘ಯಾರ ಕೈಯಾಗ ನನ್ನ ಬಿಟ್ಟು ನಡದ್ಯೋ ನನ್ನಪ್ಪಾ, ಕಣಕ್ಕ ಬಂದ ಜ್ವಾಳಾ ಯಾರು ಅಳೀಬೇಕೋ’ ಎಂದು ಕೇಳುವವಳು ಉತ್ತರ ಬಾರದೆಂಬುದನ್ನು ಬಲ್ಲಳು. ಬಲ್ಲವಳಾಗಿಯೂ ಕೇಳುತ್ತಾಳೆ. ಅಕ್ಕಲಕೋಟೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಈ ದನಿ ಅಪರಿಚಿತವಲ್ಲ.

ಮಡಿದವರಿಂದ ಉತ್ತರವನ್ನು ಪಡೆದೇ ತೀರಬೇಕೆಂಬ ಹಟ ಪಾಶ್ಚಾತ್ಯರಲ್ಲಿ ಒಮ್ಮೆ ಪ್ರಬಲವಾಗಿತ್ತು. 1848ರಲ್ಲಿ ಅಮೆರಿಕದ ಹೈಡ್ಸ್‌ವಿಲ್ ಎಂಬ ಹಳ್ಳಿಯ ಫಾಕ್ಸ್ ಸೋದರಿಯರು, ಮನೆಯಲ್ಲಿ ಕೇಳಿಬರುವ ತಟ್ಟುಗಳ ಮೂಲಕ ಪ್ರೇತದೊಡನೆ ಸಂಭಾಷಿಸಿದೆವೆಂದು ಸಾರಿದರು. ಆ ಸದ್ದು ತಮ್ಮ ಕಾಲ್ಬೆರಳ ಕೀಲುಗಳದೆಂದು 1888ರಲ್ಲಿ ಅವರಲ್ಲೊಬ್ಬಳು ಒಪ್ಪಿಕೊಂಡಳು. ಮರುವರ್ಷ ಆ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಳು! ಮೊದಲನೆಯ ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಆಲಿವರ್ ಲಾಜ್ ಎಂಬ ಭೌತವಿಜ್ಞಾನಿ, ಆ ಮಗನಿಂದ ಬಂದ ಸಂದೇಶಗಳೆಂದು 1916ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಇದಕ್ಕೆ ನಗುವುದು ಸುಲಭ. ಪುತ್ರಶೋಕವನ್ನು ಹತ್ತಿರದಿಂದ ಕಂಡವರು ನಗಲಾರರು.

ಇಂಥ ಹಂಬಲವು ನಮ್ಮ ಸೊಲ್ಲಾಪುರಕ್ಕೆ ಹೊಸದೇನೂ ಅಲ್ಲ. ಈ ಊರಿನ ಮೂಲಕಥೆಯೇ ಒಂದು ಅಗಲಿಕೆಯ ಕಥೆ. ರಾಘವಾಂಕ ಕವಿಯ ‘ಸಿದ್ಧರಾಮ ಚಾರಿತ್ರ’ವನ್ನು ಓದಿದವರಿಗೆ ಅದು ನೆನಪಿರಬೇಕು. ಸೊನ್ನಲಿಗೆಯ ಮುದ್ದುಗೌಡ, ಸುಗ್ಗವ್ವೆಯರ ಮಗನಾದ ಬಾಲಕನ ಬಳಿಗೆ ಹೊಲದಲ್ಲಿ ಮಲ್ಲಯ್ಯನು ಜಂಗಮವೇಷದಿಂದ ಬರುತ್ತಾನೆ, ಹಸಿವೆನ್ನುತ್ತಾನೆ. ಬಾಲಕನು ಊಟ ತರಲು ಮನೆಗೆ ಓಡಿಹೋಗಿ ಮರಳುವಷ್ಟರಲ್ಲಿ ಅಲ್ಲಿ ಯಾರೂ ಇಲ್ಲ. ‘ಮಲ್ಲಯ್ಯಾ’ ಎಂದು ಕೂಗುತ್ತ ಅಳುತ್ತ ಅಲೆದ ಆ ಮಗು, ಯಾತ್ರಿಕರ ಬೆನ್ನುಹತ್ತಿ ಶ್ರೀಶೈಲವನ್ನು ಸೇರುತ್ತದೆ. ಅಲ್ಲಿ ಅವರು ಲಿಂಗವನ್ನು ತೋರಿಸಿದರೆ, ನನ್ನ ಮಲ್ಲಯ್ಯ ಇವನಲ್ಲವೆನ್ನುತ್ತದೆ. ಕೊನೆಗೆ ಕಮರಿಗೆ ಹಾರಲು ಹೊರಟಾಗ ಮಲ್ಲಯ್ಯನೇ ಬಂದು ಕೈಹಿಡಿಯುತ್ತಾನೆ. ತಂದ ಅನ್ನವನ್ನು ಕೈಯಲ್ಲಿ ಹಿಡಿದು, ಉಣ್ಣುವವರಿಲ್ಲದೆ ನಿಂತ ಆ ಗಳಿಗೆಯನ್ನು ದುಃಖಪಟ್ಟ ಯಾವ ಮನೆ ತಾನೇ ಅರಿಯದು?

ಹನ್ನೆರಡನೆಯ ಶತಮಾನದ ಆ ಶಿವಯೋಗಿಯ ಗದ್ದುಗೆ ಕೆರೆಯ ನಡುವಣ ಗುಡಿಯ ಆವರಣದಲ್ಲಿದೆ. ಆದರೆ ಜಾತ್ರೆಯಲ್ಲಿ ನಮ್ಮ ಕಣ್ಣು ಹೆಚ್ಚಾಗಿ ಅರಸುವುದು ಇನ್ನೊಬ್ಬಳನ್ನು. ಸಿದ್ಧರಾಮನನ್ನೇ ವರಿಸುವೆನೆಂದು ಹಟ ಹಿಡಿದ ಕುಂಬಾರ ಕನ್ಯೆಗೆ ಆತನು ತನ್ನ ಯೋಗದಂಡವನ್ನು ವರಿಸಲು ಸಮ್ಮತಿಯಿತ್ತನಂತೆ. ಆಕೆ ಅದನ್ನು ವರಿಸಿ, ಮರುದಿನ ಅಗ್ನಿಪ್ರವೇಶ ಮಾಡಿದಳಂತೆ. ಇದು ಐತಿಹ್ಯ; ಶಾಸನದ ಆಧಾರವನ್ನು ಇದಕ್ಕೆ ಕೇಳುವುದು ಬೇಡ. ಏಳು ನಂದಿಧ್ವಜಗಳ ಮೆರವಣಿಗೆಯಲ್ಲಿ ಸಂಕ್ರಮಣದ ಮುನ್ನಾದಿನ ಸಮ್ಮತಿಕಟ್ಟೆಯ ಬಳಿ ಅಕ್ಷತೆ ಬೀಳುತ್ತದೆ. ಮರುದಿನ ಹೋಮದಲ್ಲಿ, ದಂಟಿನಿಂದ ಮಾಡಿ ಸೀರೆಯುಡಿಸಿದ ಮದುಮಗಳು ಉರಿಯುತ್ತಾಳೆ. ಎಂದೋ ಸತ್ತ ಹೆಣ್ಣುಮಗಳನ್ನು ಪ್ರತಿವರ್ಷ ಕರೆದು, ಮದುವೆ ಮಾಡಿ, ಮತ್ತೆ ಕಳುಹಿಸಿಕೊಡುವ ಊರು ಇದು. ಅಕ್ಕಿಕಾಳು ಎಸೆಯುವ ಗುಂಪಿನಲ್ಲಿ ತನ್ನ ಮಗಳನ್ನೇ ನೆನೆದು ಕಣ್ಣೊರೆಸಿಕೊಳ್ಳುವ ತಾಯಂದಿರನ್ನು ನಾವು ಕಂಡಿದ್ದೇವೆ.

1931ರ ಜಾತ್ರೆ ಹೇಗೆ ನಡೆದೀತೆಂದು ಯೋಚಿಸಿದರೆ ಎದೆ ಭಾರವಾಗುತ್ತದೆ. 1930ರ ಮೇ ತಿಂಗಳ ಗೋಲಿಬಾರು, ಮಾರ್ಷಲ್ ಲಾಗಳ ಬಳಿಕ ಶಿಕ್ಷೆಗೊಳಗಾದ ಮಲ್ಲಪ್ಪ ಧನಶೆಟ್ಟಿ, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದು 1931ರ ಜನವರಿ 12ರಂದು. ಸಂಕ್ರಮಣಕ್ಕೆ ಉಳಿದಿದ್ದವು ಎರಡೇ ದಿನ. ಇಂದಿಗೂ ಆ ದಿನ ನಾಲ್ವರ ಪ್ರತಿಮೆಗಳಿಗೆ ಮಾಲೆ ಬೀಳುತ್ತದೆ, ಅದರ ಹಿಂದೆಯೇ ಜಾತ್ರೆಯ ವಾದ್ಯ ಮೊಳಗುತ್ತದೆ.

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರು 1878ರಲ್ಲಿ ದೇಹವಿಟ್ಟರು. ಅವರು ಕುಳಿತುಕೊಳ್ಳುತ್ತಿದ್ದ ಆಲದ ನೆರಳಿನಲ್ಲಿ, ಚೋಳಪ್ಪನ ಮನೆಯ ಸಮಾಧಿಯ ಮುಂದೆ, ನಿಂತ ಭಕ್ತರ ಮಾತಿಗೆ ಕಿವಿಗೊಟ್ಟು ನೋಡಿರಿ: ‘ಇದ್ದರು’ ಎಂಬ ಭೂತಕಾಲ ಅಲ್ಲಿ ಕೇಳಿಸುವುದೇ ಅಪರೂಪ. ಮಗನ ನೌಕರಿ, ಮಗಳ ಕಾಯಿಲೆ, ಹೊಲದ ತಂಟೆ ಎಲ್ಲವನ್ನೂ ಎದುರಿಗಿರುವ ಹಿರಿಯನಿಗೆ ಹೇಳುವಂತೆ, ಕೆಲವರು ಮರಾಠಿಯಲ್ಲಿ, ಕೆಲವರು ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ. ಸ್ವಾಮಿಗಳಿಗೆ ಯಾವ ಭಾಷೆಯಾದರೇನು!

ನಮ್ಮ ಮನೆಯ ಹಿರಿಯರ ವಿಷಯ ಹಾಗಲ್ಲ. ಕನ್ನಡದಲ್ಲಿ ಬಾಳಿದ ಅಜ್ಜನನ್ನು ಅಜ್ಜಿ ಕನ್ನಡದಲ್ಲಿಯೇ ಕರೆಯಬೇಕು. 1956ರ ಪ್ರಾಂತರಚನೆಯಲ್ಲಿ ನಮ್ಮ ತಾಲೂಕುಗಳು ಮುಂಬಯಿ ರಾಜ್ಯದಲ್ಲಿ ಉಳಿದವು, 1960ರಲ್ಲಿ ಮಹಾರಾಷ್ಟ್ರದವಾದವು. ಬೇರೆ ಮಾಧ್ಯಮದಲ್ಲಿ ಓದುವ ಮೊಮ್ಮಗನು ಹೆಣದ ಬಳಿ ನಿಂತು, ಅಜ್ಜಿ ಏನು ಹೇಳಿ ಅಳುತ್ತಿದ್ದಾಳೆಂದು ತಾಯಿಯನ್ನು ಕೇಳುವ ಮನೆಗಳು ಈಗ ಇವೆ. ಅವನಿಗೆ ಕಲಿಸೋಣವೆಂದರೂ ಮಾರ್ಗ ಕಾಣದು. ಸಾವಿಲ್ಲದ ದಿನ ಆ ಹಾಡನ್ನು ಹಾಡೆಂದರೆ ಯಾವ ಮುದುಕಿಯೂ ಒಪ್ಪಳು. ತುಂಬಿದ ಮನೆಗೆ ಅಶುಭವೆಂದು ಬಾಯಿಗೆ ಸೆರಗು ಹಿಡಿಯುತ್ತಾಳೆ.